ಐವತ್ತೆರಡು ಪುಸ್ತಕಗಳ ಭಾರ: ಒಂದು ಆಪ್ತಸಲಹೆ ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ, ಅಂದರೆ ಆಳುಗಳ ಕೆಲಸವನ್ನೂ ಲೆಕ್ಕವನ್ನೂ ನೋಡಿಕೊಳ್ಳುವವರಾಗಿ, ಕೆಲಸ ಮಾಡುವ, ನಲವತ್ತೈದರ ಆಸುಪಾಸಿನ ವ್ಯಕ್ತಿಯೊಬ್ಬರು ಮಾರ್ಚ್ ಕೊನೆಯಲ್ಲಿ, ರೊಬಸ್ಟಾ ಕುಯ್ಲು ಮುಗಿದು ಕೈ ಸ್ವಲ್ಪ ಬಿಡುವಾದ ಮೇಲೆ, ಪತ್ನಿಯ ಒತ್ತಾಯಕ್ಕೆ ಮಣಿದು ನನ್ನಲ್ಲಿಗೆ ಬಂದರು. ಅವರನ್ನು ಇಲ್ಲಿ ಸೋಮಶೇಖರ್ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಸಿಗಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಅವರು ಹೇಳಿಕೊಂಡ ತೊಂದರೆ ಕೇಳುವವರಿಗೆ ಸಣ್ಣದೆನಿಸಬಹುದು. "ಮೇಡಂ, ನನಗೆ ಓದೋದು ಅಂದ್ರೆ ಪ್ರಾಣ. ಈಗ ಪುಸ್ತಕ ಕೈಗೆ ತಗೊಂಡ್ರೆ ಎದೆ ಹೊಡ್ಕೊಳ್ಳುತ್ತೆ" ಎಂದರು. ರಾತ್ರಿ ಹನ್ನೆರಡರವರೆಗೆ ಪುಸ್ತಕ ಹಿಡಿದು ಕೂರುತ್ತಿದ್ದರು, ಬೆಳಿಗ್ಗೆ ತಲೆನೋವಿನಿಂದ ಏಳುತ್ತಿದ್ದರು, ಮನೆಯವರು ನಡುವೆ ಮಾತನಾಡಿಸಿದರೆ ಸಿಡುಕುತ್ತಿದ್ದರು. ಹೀಗೆ ಕೂತರೂ ಓದಿದ್ದು ಮನಸ್ಸಿಗೆ ಇಳಿಯುತ್ತಿರಲಿಲ್ಲ.

ಹಿನ್ನೆಲೆ ಹೀಗಿತ್ತು. ಮೂರು ವರ್ಷಗಳ ಹಿಂದೆ ಅವರ ಕಾಲೇಜು ದಿನಗಳ ಗೆಳೆಯರು ಸೇರಿ ಓದಿನ ಸವಾಲೊಂದನ್ನು ಹಾಕಿಕೊಂಡಿದ್ದರು: ಜನವರಿಯಿಂದ ಡಿಸೆಂಬರ್‌ವರೆಗೆ ವಾರಕ್ಕೊಂದರಂತೆ ಐವತ್ತೆರಡು ಪುಸ್ತಕ. ಮರುಓದು ಲೆಕ್ಕಕ್ಕಿಲ್ಲ, ಅರ್ಧ ಓದಿದ್ದು ಲೆಕ್ಕಕ್ಕಿಲ್ಲ, ತಿಂಗಳ ಕೊನೆಗೆ ಎಲ್ಲರೂ ತಮ್ಮ ಪಟ್ಟಿ ಹೇಳಬೇಕು. ಇಂಥ ಸವಾಲುಗಳು ಈಗ ಸಾಮಾನ್ಯವಾಗಿವೆ. ಗುಡ್‌ರೀಡ್ಸ್ ತಾಣವೂ 2011ರಿಂದ ಓದುಗರಿಗೆ ವರ್ಷದ ಗುರಿಯನ್ನು ತಾವೇ ಗೊತ್ತುಮಾಡಿಕೊಳ್ಳುವ ಅವಕಾಶ ಕೊಟ್ಟಿದೆ, ಮತ್ತು ಗುರಿಗಿಂತ ಎಷ್ಟು ಪುಸ್ತಕ ಹಿಂದಿದ್ದೀರಿ ಎಂಬುದನ್ನೂ ತೋರಿಸುತ್ತದೆ. ಸೋಮಶೇಖರ್ ಮೊದಲ ವರ್ಷ ಉತ್ಸಾಹದಿಂದ ಓದಿದರು, ಗುರಿ ಮುಟ್ಟಲಿಲ್ಲ, ಬೇಸರವನ್ನೂ ಪಡಲಿಲ್ಲ. ಎರಡನೆಯ ವರ್ಷ ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗಿದರು. ಮೂರನೆಯ ವರ್ಷ, ಓದಿ ಮುಗಿಸದ ಪುಸ್ತಕಗಳನ್ನೂ ಮುಗಿಸಿದ್ದೇನೆಂದು ಪಟ್ಟಿಗೆ ಸೇರಿಸಿದರು.

ಅವರನ್ನು ನನ್ನ ಕೋಣೆಯವರೆಗೆ ತಂದದ್ದು ಈ ಕೊನೆಯ ಸಂಗತಿ. ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳು ಅಪ್ಪನ ಕಪಾಟಿನಿಂದ ಕಾದಂಬರಿಯೊಂದನ್ನು ತೆಗೆದುಕೊಂಡು ಓದುತ್ತಿದ್ದವಳು, ಒಂದು ಸಂಜೆ, "ಅಪ್ಪ, ಆ ಹುಡುಗಿ ಕೊನೆಗೆ ಊರಿಗೆ ವಾಪಸ್ ಬರ್ತಾಳಾ?" ಎಂದು ಕೇಳಿದಳು. ಸೋಮಶೇಖರ್ ಆ ಪುಸ್ತಕವನ್ನು ಕಾಲುಭಾಗವೂ ಓದಿರಲಿಲ್ಲ, ಆದರೆ ಪಟ್ಟಿಯಲ್ಲಿ ಅದು ಮುಗಿದ ಪುಸ್ತಕವಾಗಿತ್ತು. "ಬರ್ತಾಳೆ" ಎಂದುಬಿಟ್ಟರು. ಎರಡು ದಿನ ಬಿಟ್ಟು ಮಗಳು ಪುಸ್ತಕ ಮುಗಿಸಿ, "ಬರಲ್ಲವಲ್ಲಪ್ಪ" ಎಂದು ಹೇಳಿ ಸುಮ್ಮನೆ ಒಳಗೆ ಹೋದಳು. ಅವಳು ಗದರಿದ್ದರೆ, ನಕ್ಕಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದು ಅವರು ಹೇಳುವಾಗ ಕಣ್ಣು ತುಂಬಿತ್ತು. ಓದುವ ಮನುಷ್ಯ ಎಂಬುದು ಆ ಮನೆಯಲ್ಲಿ ಅವರಿಗಿದ್ದ ಗೌರವ. ಮಗಳಿಗೆ ಓದು ಹತ್ತಿದ್ದೇ ಅವರಿಂದ. ಹೊರಗಿನವರಿಗೆ ಇದು ಸಣ್ಣ ಸುಳ್ಳಾಗಿ ಕಂಡರೂ ಅವರಿಗೆ ಅದು ತನ್ನ ಬದುಕಿನ ಒಂದು ಕಂಬವೇ ಅಲುಗಾಡಿದಂತಾಗಿತ್ತು, ಮತ್ತು ಆಪ್ತಸಲಹೆಯಲ್ಲಿ ನಾವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಹೊರಗಿನವರ ಅಳತೆಯನ್ನಲ್ಲ.

ಪ್ರಿಯವಾದದ್ದೊಂದು ರುಚಿ ಕಳೆದುಕೊಂಡಿದೆ ಎಂದು ಯಾರೇ ಹೇಳಿದರೂ ಮೊದಲು ಖಿನ್ನತೆಯ ಸಾಧ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ನಿದ್ರೆಗಳು ಕೆಡುವುದು, ಬದುಕೇ ಬೇಡವೆನಿಸುವುದು, ಇವೆಲ್ಲವನ್ನೂ ಒಂದೊಂದಾಗಿ ಕೇಳಿದೆ. ಸೋಮಶೇಖರ್ ಊಟ ಮಾಡುತ್ತಿದ್ದರು, ಭಾನುವಾರ ಗೆಳೆಯರೊಡನೆ ಚೆಸ್ ಆಡುತ್ತಿದ್ದರು, ಹಿತ್ತಲಿನ ಏಲಕ್ಕಿ ಗಿಡಗಳ ಬಗ್ಗೆ ಹುರುಪಿನಿಂದ ಮಾತನಾಡುತ್ತಿದ್ದರು. ಆಸಕ್ತಿ ಬತ್ತಿದ್ದು ಓದಿನಲ್ಲಿ ಮಾತ್ರ. ಹಾಗಿರದಿದ್ದರೆ ಅವರನ್ನು ಮನೋವೈದ್ಯರಲ್ಲಿಗೆ ಕಳಿಸುತ್ತಿದ್ದೆ. ಓದುಗರಲ್ಲಿ ಯಾರಿಗಾದರೂ ಆ ಬಗೆಯ ಕುಗ್ಗುವಿಕೆ ಇದ್ದರೆ ಪುಸ್ತಕದ ಸಲಹೆಗಳಿಗೆ ಕಾಯದೆ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬೇಕು; ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.

ಎರಡನೆಯದಾಗಿ ಕಣ್ಣು. ತಲೆನೋವು ಓದಿದ ಮೇಲೆ ಮಾತ್ರ ಬರುತ್ತಿದೆ ಎಂದು ತಿಳಿದಾಗ, ಮೇಜಿನ ಮೇಲಿದ್ದ ಪುಸ್ತಕವೊಂದರ ಎರಡು ಪುಟ ಓದಲು ಹೇಳಿ ಅವರನ್ನು ಗಮನಿಸುತ್ತ ಕುಳಿತೆ. ಅವರು ಪುಸ್ತಕವನ್ನು ತೋಳುದ್ದ ದೂರ ಹಿಡಿದರು, ಕಣ್ಣು ಕಿರಿದು ಮಾಡಿದರು. ಇದಲ್ಲದೆ ಇನ್ನೊಂದನ್ನೂ ಕಂಡೆ: ಬಲಗೈ ಹೆಬ್ಬೆರಳು ಇನ್ನೂ ಓದದ ಪುಟಗಳ ಅಂಚನ್ನು ಬಿಟ್ಟೂಬಿಡದೆ ಸವರುತ್ತಿತ್ತು, ಉಳಿದ ದಪ್ಪವನ್ನು ಅಳೆಯುವ ಹಾಗೆ. ತಾವು ಹಾಗೆ ಮಾಡುತ್ತಿದ್ದೇವೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಕಣ್ಣಿನ ವೈದ್ಯರಲ್ಲಿಗೆ ಹೋದಾಗ ಚಾಳೀಸು ಬಂದಿರುವುದು ಖಚಿತವಾಯಿತು, ಕನ್ನಡಕ ಬಂತು, ತಲೆನೋವು ಬಹುಪಾಲು ಹೋಯಿತು. ನಲವತ್ತು ದಾಟಿದವರು ಓದಿನಲ್ಲಿ ಮನಸ್ಸು ನಿಲ್ಲುತ್ತಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುವ ಮೊದಲು ಈ ಒಂದು ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಆದರೆ ಹೆಬ್ಬೆರಳಿನ ವಿಷಯ ಕನ್ನಡಕದಿಂದ ಬಗೆಹರಿಯುವಂಥದ್ದಲ್ಲ.

ಮುಂದಿನ ಭೇಟಿಗೆ ಅವರು ಓದಿನ ಲೆಕ್ಕ ಬರೆದಿಡುವ ಪುಸ್ತಕವನ್ನು ತಂದರು. ತೋಟದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಹೇಗಿರುತ್ತದೋ ಹಾಗೆಯೇ ಸ್ಕೇಲಿನಿಂದ ಗೆರೆ ಎಳೆದ ಕಾಲಂಗಳು: ಕ್ರಮಸಂಖ್ಯೆ, ಹೆಸರು, ಪುಟ, ಶುರು ಮಾಡಿದ ದಿನ, ಮುಗಿಸಿದ ದಿನ. ಬರಹ ಮುತ್ತಿನಂತಿತ್ತು. ಇದರಲ್ಲಿ ಯಾವ ಪುಸ್ತಕ ನಿಮ್ಮನ್ನು ಹಿಡಿದು ಕೂರಿಸಿತು ಎಂದು ಕೇಳಿದಾಗ ಅವರು ಪುಟ ತಿರುವುತ್ತ ಹೋಗಿ, ಬಹಳ ಹೊತ್ತಿನ ಮೇಲೆ, ತಾವೇ ಒಂದು ಮಾತು ಹೇಳಿದರು. ಕಿಲೋ ಲೆಕ್ಕದಲ್ಲಿ ಕುಯ್ಲು ಮಾಡಿಸಿದರೆ ಸಂಜೆ ತೂಕದ ಹೊತ್ತಿಗೆ ಚೀಲದಲ್ಲಿ ಹಣ್ಣಿನ ಜೊತೆ ಹಸಿರು ಕಾಯಿಯೂ ಸೇರಿರುತ್ತದೆ, ಅದಕ್ಕಾಗಿ ಆಳುಗಳನ್ನು ಬೈಯುವ ತಾನು ಪುಸ್ತಕದಲ್ಲಿ ಮಾಡಿದ್ದೂ ಅದನ್ನೇ, ಎಂದು. ನಾನು ಅರ್ಧ ಗಂಟೆ ವಿವರಿಸಿದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಈ ಮಾತಿಗೆ ಮನೋವಿಜ್ಞಾನದಲ್ಲಿ ಗಟ್ಟಿಯಾದ ಆಧಾರವಿದೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಸಂಶೋಧಕರು ಅಮೆರಿಕದ ಶಿಶುವಿಹಾರವೊಂದರಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಒಂದು ಗುಂಪಿಗೆ ಮೊದಲೇ ಹೇಳಿದರು; ಇನ್ನೊಂದು ಗುಂಪಿಗೆ ಹೇಳದೆ, ಬರೆದ ಮೇಲೆ ಕೊಟ್ಟರು; ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ನೋಡಿದರೆ, ಬಹುಮಾನದ ಮಾತು ಮೊದಲೇ ಕೇಳಿದ್ದ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಹೊತ್ತಿನ ಸುಮಾರು ಅರ್ಧದಷ್ಟನ್ನು ಮಾತ್ರ ಕೊಡುತ್ತಿದ್ದರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಹಾಗೆ ತಗ್ಗಿರಲಿಲ್ಲ. ಅಂದರೆ ಇಷ್ಟದ ಕೆಲಸವನ್ನು ಬಹುಮಾನಕ್ಕಾಗಿ ಮಾಡುತ್ತಿದ್ದೇನೆ ಎಂಬ ಭಾವನೆ ಬೇರೂರಿದಾಗ ಮೊದಲಿದ್ದ ಇಷ್ಟವೇ ಸೊರಗಬಹುದು. ಸೋಮಶೇಖರ್ ಅವರಿಗೆ ಪ್ರಶಸ್ತಿಪತ್ರ ಯಾರೂ ಕೊಡುತ್ತಿರಲಿಲ್ಲ, ಆದರೆ ತಿಂಗಳ ಕೊನೆಯ ಪಟ್ಟಿಯಲ್ಲಿ ಮುಂದಿರುವುದೇ ಅವರಿಗೆ ಬಹುಮಾನವಾಗಿತ್ತು, ಹಿಂದಿರುವುದು ಶಿಕ್ಷೆಯಾಗಿತ್ತು.

ಹಾಗೆಂದು ಓದಿನ ಸವಾಲುಗಳೇ ಕೆಟ್ಟವು ಎಂದು ನಾನು ಭಾವಿಸುವುದಿಲ್ಲ. ಮದುವೆ, ಮಕ್ಕಳು, ನೌಕರಿಗಳ ನಡುವೆ ಓದನ್ನು ಪೂರ್ತಿ ಬಿಟ್ಟವರಿಗೆ ಮತ್ತೆ ಪುಸ್ತಕ ಹಿಡಿಯಲು ಇವು ಒಳ್ಳೆಯ ನೆಪ. ಜೊತೆಗಾರರು ಸಿಗುತ್ತಾರೆ, ತಾವಾಗಿ ಎಂದೂ ಮುಟ್ಟದಿದ್ದ ಲೇಖಕರ ಪರಿಚಯವಾಗುತ್ತದೆ. ಆಗಲೇ ಓದಿನಲ್ಲಿ ಮುಳುಗಿರುವವರಿಗೆ ಸಂಖ್ಯೆಯೊಂದೇ ಗುರಿಯಾದಾಗ ತೊಂದರೆ ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಬಳಗವನ್ನು ಬಿಟ್ಟುಬಿಡಲೇ ಎಂದು ಅವರು ಕೇಳಿದಾಗ ಈಗಲೇ ಬೇಡ ಎಂದೆ. ನಾಚಿಕೆಯಿಂದ ಬಿಟ್ಟರೆ ಆ ನಾಚಿಕೆಯೂ ಜೊತೆಗೇ ಉಳಿಯುತ್ತದೆ, ಮತ್ತು ಗೆಳೆಯರೂ ದೂರವಾಗುತ್ತಾರೆ.

ಮಾತನಾಡುತ್ತ ಹೋದಂತೆ ಇನ್ನೊಂದು ಸಂಗತಿ ಹೊರಬಿತ್ತು, ಅದನ್ನು ಅವರೂ ಅದುವರೆಗೆ ಯೋಚಿಸಿರಲಿಲ್ಲ. ಸವಾಲು ಜನವರಿಯಲ್ಲಿ ಶುರುವಾಗುತ್ತಿತ್ತು. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿಯವರೆಗೆ, ಅದರ ಬೆನ್ನಿಗೇ ರೊಬಸ್ಟಾ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್, ಕಣದಲ್ಲಿ ಒಣಗಿಸುವುದು, ಬಟವಾಡೆ, ಎಲ್ಲವೂ ರೈಟರ್ ತಲೆಯ ಮೇಲೆಯೇ. ಮಾರ್ಚ್ ಮುಗಿಯುವ ಹೊತ್ತಿಗೆ ಅವರು ಪ್ರತಿವರ್ಷವೂ ಹತ್ತು ಪುಸ್ತಕ ಹಿಂದೆ ಬಿದ್ದಿರುತ್ತಿದ್ದರು, ಉಳಿದ ಒಂಬತ್ತು ತಿಂಗಳು ಆ ಬಾಕಿ ತೀರಿಸುವುದರಲ್ಲೇ ಕಳೆಯುತ್ತಿತ್ತು. ಕಾಲೇಜು ಅಧ್ಯಾಪಕರ ವರ್ಷಕ್ಕೂ ಬ್ಯಾಂಕ್ ನೌಕರರ ವರ್ಷಕ್ಕೂ ಹೊಂದುವ ಗುರಿ ಮಲೆನಾಡಿನ ತೋಟದ ವರ್ಷಕ್ಕೆ ಹೊಂದಬೇಕಿಲ್ಲ. ನಿಮ್ಮ ಓದಿನ ವರ್ಷ ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ ಶುರುವಾಗಲಿ, ಕುಯ್ಲಿನ ತಿಂಗಳುಗಳಿಗೆ ಗುರಿಯೇ ಇರದಿರಲಿ ಎಂದು ಸೂಚಿಸಿದೆ. ಈ ಮಾತು ಕೇಳಿ ಅವರು ಬೆನ್ನನ್ನು ಕುರ್ಚಿಗೆ ಒರಗಿಸಿದರು. ಅದುವರೆಗೂ ಅವರು ತುದಿಯಲ್ಲೇ ಕೂತಿದ್ದರು.

ಉಳಿದ ಸಲಹೆಗಳನ್ನು ಒಮ್ಮೆಗೇ ಕೊಡದೆ ಎರಡು ಮೂರು ಭೇಟಿಗಳಲ್ಲಿ ಹಂಚಿದೆ. ಮೊದಲನೆಯದು, ಮಗಳಿಗೆ ನಿಜ ಹೇಳುವುದು. ದೀರ್ಘವಾದ ಕ್ಷಮೆಯಾಚನೆ ಬೇಡ, "ಆ ಪುಸ್ತಕ ನಾನು ಮುಗಿಸಿರಲಿಲ್ಲ ಮಗಳೇ, ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು" ಎಂದರೆ ಸಾಕು ಎಂದೆ. ಲೆಕ್ಕದ ಪುಸ್ತಕದಲ್ಲಿ ಮುಗಿಸದವುಗಳ ಎದುರು ಪೆನ್ಸಿಲಿನಿಂದ ಗುರುತು ಹಾಕಲು ಹೇಳಿದೆ. ಅದನ್ನು ಗೆಳೆಯರಿಗೆ ತಿಳಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ತನ್ನೆದುರು ತಾನು ಸರಿಪಡಿಸಿಕೊಂಡ ಮೇಲೆ ಇನ್ನೊಬ್ಬರೆದುರು ಹೇಳುವ ಧೈರ್ಯ ತಾನಾಗಿ ಬರುತ್ತದೆ, ಒತ್ತಾಯಿಸಿದರೆ ಬರುವುದಿಲ್ಲ.

ಎರಡನೆಯದು, ಮರುಓದು. ಮೊದಲು ಮನಸ್ಸು ಕದ್ದ ಪುಸ್ತಕ ಯಾವುದೆಂದು ಕೇಳಿದರೆ ತಡವಿಲ್ಲದೆ ತೇಜಸ್ವಿಯವರ 'ಕರ್ವಾಲೊ' ಎಂದರು. 1980ರಲ್ಲಿ ಬಂದ ಆ ಕಾದಂಬರಿಯ ಹಾರುವ ಓತಿಯನ್ನು ಹುಡುಕಿ ತಾವು ಹುಡುಗನಾಗಿದ್ದಾಗ ಕಾಡು ಸುತ್ತಿದ್ದನ್ನು ಹೇಳುವಾಗ, ಮುಖದಲ್ಲಿ ಅದುವರೆಗೆ ನಾನು ಕಾಣದ ಕಳೆ ಇತ್ತು. ತೇಜಸ್ವಿಯವರು ಬದುಕಿದ ಮೂಡಿಗೆರೆ ಸೀಮೆಯ ಓದುಗರಿಗೆ ಆ ಪುಸ್ತಕ ಮನೆಯ ಅಂಗಳದಷ್ಟು ಹತ್ತಿರದ್ದು. ಸವಾಲು ಶುರುವಾದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ, ಏಕೆಂದರೆ ಮರುಓದು ಲೆಕ್ಕಕ್ಕಿಲ್ಲ. ಅದನ್ನೇ ಮೊದಲು ಓದಿ, ಸಾಧ್ಯವಾದರೆ ಮಗಳೊಂದಿಗೆ, ಮುಗಿಸುವ ದಿನ ಗೊತ್ತುಮಾಡದೆ ಓದಿ ಎಂದೆ.

ಮೂರನೆಯದು, ಬಿಡುವ ಹಕ್ಕು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಸೂತ್ರವೊಂದಿದೆ: ಯಾವ ಪುಸ್ತಕಕ್ಕೂ ಐವತ್ತು ಪುಟಗಳ ಅವಕಾಶ ಕೊಡಿ, ಅಷ್ಟರಲ್ಲಿ ಹಿಡಿಸದಿದ್ದರೆ ಬಿಡಿ, ವಯಸ್ಸು ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಕೆಲವು ಒಳ್ಳೆಯ ಪುಸ್ತಕಗಳು ಐವತ್ತು ಪುಟ ದಾಟಿದ ಮೇಲೆಯೇ ತೆರೆದುಕೊಳ್ಳುತ್ತವೆ, ಆದ್ದರಿಂದ ಇದನ್ನು ನಿಯಮವೆಂದು ನಾನು ಹೇಳಲಾರೆ. ಆದರೆ ಹಿಡಿದ ಪುಸ್ತಕವನ್ನು ಬಿಡುವುದು ಪಾಪವೆಂದು ನಂಬಿ, ಬಿಟ್ಟದ್ದನ್ನು ಮುಚ್ಚಿಡುವ ಸ್ಥಿತಿಗೆ ಬಂದವರಿಗೆ ಇಂಥದೊಂದು ಅನುಮತಿ ಬೇಕಾಗುತ್ತದೆ.

ಲೆಕ್ಕದ ಪುಸ್ತಕವನ್ನು ಮುಚ್ಚಿಬಿಡಿ ಎಂದು ನಾನು ಹೇಳಲಿಲ್ಲ. ಬರೆದಿಡುವುದು ಅವರ ಕೈಗೆ ಒಗ್ಗಿದ ಕೆಲಸ, ಅದರಲ್ಲಿ ಅವರಿಗೆ ನೆಮ್ಮದಿಯೂ ಇದೆ. ಪುಟಸಂಖ್ಯೆಯ ಕಾಲಂ ತೆಗೆದು ಆ ಜಾಗದಲ್ಲಿ, ಆ ದಿನ ಓದಿದ್ದರಲ್ಲಿ ಮನಸ್ಸಿಗೆ ಬಂದದ್ದನ್ನು ಒಂದೆರಡು ಸಾಲು ಬರೆಯಲು ಹೇಳಿದೆ. ರಾತ್ರಿ ಹನ್ನೆರಡರವರೆಗೆ ಕೂರುವುದನ್ನು ನಿಲ್ಲಿಸಿ, ಸಂಜೆ ಕಾಫಿ ಕುಡಿದ ಮೇಲೆ ಅರ್ಧ ಗಂಟೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಓದುವುದೆಂದು ಗೊತ್ತುಮಾಡಿಕೊಂಡೆವು. ಇಲ್ಲಿ ಪತ್ನಿಯ ಸಹಕಾರ ಬೇಕಿತ್ತು, ಅವರು ಸಂತೋಷದಿಂದ ಒಪ್ಪಿದರು.

ಫಲ ಒಂದೇ ಸಮನಾಗಿರಲಿಲ್ಲ. ಮಗಳೊಂದಿಗಿನ ಮಾತು ಎಣಿಸಿದ್ದಕ್ಕಿಂತ ಸುಲಭವಾಯಿತು. "ನಂಗೆ ಆವತ್ತೇ ಗೊತ್ತಾಯ್ತು ಬಿಡಪ್ಪ" ಎಂದಳಂತೆ. ಇಬ್ಬರೂ 'ಕರ್ವಾಲೊ' ಓದಿದರು. ಬಳಗದ ಮುಂದೆ ಅವರು ಹದಿನೇಳು ಪುಸ್ತಕಗಳನ್ನು ಪಟ್ಟಿಯಿಂದ ತೆಗೆಯುತ್ತಿರುವುದಾಗಿ ಹೇಳಿದಾಗ ಒಬ್ಬರು ಚುಚ್ಚಿ ಮಾತನಾಡಿದರು, ಉಳಿದವರು ಸುಮ್ಮನಿದ್ದರು, ಗುರಿ ಐವತ್ತೆರಡರಲ್ಲೇ ಉಳಿಯಿತು. ಆ ವಾರ ಅವರು ಮತ್ತೆ ಹಳೆಯ ಚಾಳಿಗೆ ಬಿದ್ದು ಎರಡು ತೆಳು ಪುಸ್ತಕಗಳನ್ನು ಒಂದೇ ರಾತ್ರಿ ಓಡಿಸಿದರು, ಮರುದಿನ ನನಗೆ ಫೋನ್ ಮಾಡಿದರು. ಇಂಥ ಹಿನ್ನಡೆ ಸಹಜ. ಅದನ್ನು ಮುಚ್ಚಿಡದೆ ಹೇಳಿದ್ದನ್ನು ನಾನು ಮುನ್ನಡೆಯೆಂದೇ ಪರಿಗಣಿಸಿದೆ, ಅವರಿಗೂ ಹಾಗೆಯೇ ಹೇಳಿದೆ.

ಜೂನ್‌ನಲ್ಲಿ ಅವರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಿಡಿದರು. 1967ರಲ್ಲಿ ಬಂದ ಆ ಬೃಹತ್ ಕಾದಂಬರಿಯನ್ನು ಮೊದಲ ವರ್ಷವೇ ಶುರು ಮಾಡಿ, ಒಂದು ಪುಸ್ತಕಕ್ಕೆ ಐದು ವಾರ ಹೋಗುತ್ತದೆಂದು ಕೆಳಗಿಟ್ಟಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಬಂದಾಗ ಮುಕ್ಕಾಲು ಭಾಗ ಮುಗಿದಿತ್ತು. ಟಿಪ್ಪಣಿಯ ಸಾಲುಗಳು ಕಾಲಂ ಮೀರಿ ಪಕ್ಕದ ಪುಟಕ್ಕೂ ಹರಿದಿದ್ದವು. ಕುಯ್ಲು ಶುರುವಾಗುವುದರೊಳಗೆ ಮುಗಿಯದಿದ್ದರೆ ಏನು ಮಾಡಲಿ ಎಂದು ಕೇಳಿದರು. ಗುರುತಿಟ್ಟು ಎತ್ತಿಡಿ, ಏಪ್ರಿಲ್‌ನಲ್ಲಿ ಮುಂದುವರಿಸಿ ಎಂದೆ. ಬಳಗ ಹೊಸ ವರ್ಷದ ಪಟ್ಟಿಯನ್ನು ಕೇಳುವುದು ಜನವರಿ ಮೊದಲ ವಾರ, ಕೆಲಸದ ಒತ್ತಡವೂ ಆಗಲೇ ಹೆಚ್ಚು. ಆದ್ದರಿಂದ ಮುಂದಿನ ಭೇಟಿಯನ್ನು ಡಿಸೆಂಬರ್ ಕೊನೆಯ ಭಾನುವಾರಕ್ಕೆ ಗೊತ್ತುಮಾಡಿದ್ದೇವೆ.