ಬಾಂಡ್ ಮುರಿದವನಿಗೆ ಜಡ್ಜ್ ಎಷ್ಟು ಶಿಕ್ಷೆ ಹಾಕಬಹುದು?

ನಿಮ್ಮ ತಮ್ಮ ಕುಷ್ಟಗಿ ತಾಲ್ಲೂಕಿನವನು. ಬದುವಿನ ಜಗಳದಲ್ಲಿ ಕುಡಗೋಲು ಬೀಸಿ ಐಪಿಸಿ 324ರ, ಅಂದರೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ ಕೇಸಿನಲ್ಲಿ ತಪ್ಪಿತಸ್ಥನಾದ. ಕೋರ್ಟು 2 ವರ್ಷದ ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಟ್ಟಿತು. ಮಳೆ ಕೈಕೊಟ್ಟಾಗ ಯಾರಿಗೂ ಹೇಳದೆ ಬೆಂಗಳೂರಿಗೆ ಗುಳೆ ಹೋದ, ಈಗ ಸಮನ್ಸ್ ಬಂದಿದೆ. ‘ಜಡ್ಜ್ ಸಾಹೇಬ್ರು ಪೂರ್ತಿ 3 ವರ್ಷ ಹಾಕಿಬಿಡ್ತಾರಾ?’ ಅಂತ ಕೇಳಿದ್ದೀರಿ. ಕೊಪ್ಪಳ ಜಿಲ್ಲೆಯ ಕೋರ್ಟುಗಳಲ್ಲಿ 20 ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದೇನೆ, ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ತಮ್ಮನಿಗೆ 3 ವರ್ಷ ಅಂತ ಎಲ್ಲೂ ಬರೆದಿಟ್ಟಿಲ್ಲ. ಶಿಕ್ಷೆ ಆಗಲೇ ಆಗಿದೆ, ಬಾಂಡ್ ಮುರಿದರೆ ಅದು ತಾನಾಗಿ ಜಾರಿಗೆ ಬರುತ್ತದೆ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ, ಅದು ತಪ್ಪು. 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಮಿನಲ್ಲಿ ಬಿಟ್ಟಾಗ ನ್ಯಾಯಾಧೀಶರು ತಪ್ಪಿತಸ್ಥ ಎಂದಷ್ಟೇ ತೀರ್ಪು ಕೊಟ್ಟು, ಶಿಕ್ಷೆಯನ್ನು ಹೇಳದೆ ಉಳಿಸಿಕೊಂಡಿರುತ್ತಾರೆ. ‘ಕರೆದಾಗ ಬಂದು ಶಿಕ್ಷೆ ಪಡೆಯುತ್ತೇನೆ’ ಎಂದು ನಿಮ್ಮ ತಮ್ಮ ರುಜು ಹಾಕಿರುವುದು ಅದಕ್ಕೇ. ಈಗ ಅವರು ಶಿಕ್ಷೆ ಹೇಳುವುದಾದರೆ ಅದು ಕುಡಗೋಲು ಬೀಸಿದ್ದಕ್ಕೆ. ಗುಳೆ ಹೋದದ್ದು ಆ ಲೆಕ್ಕದಲ್ಲಿ ಒಂದು ಸಂಗತಿ ಮಾತ್ರ.

ಆ ಲೆಕ್ಕ ಹಾಕುವಾಗ ಅವರ ಕೈ ಬಹಳ ಸಡಿಲವಿದೆ. 324ಕ್ಕೆ 3 ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಕನಿಷ್ಠ ಇಷ್ಟು ಎಂಬುದಿಲ್ಲ. ಬರೀ ದಂಡ ಹಾಕಬಹುದು, ಕೋರ್ಟು ಏಳುವವರೆಗೆ ಕೂರಿಸಿ ಕಳಿಸಬಹುದು, ಪೂರ್ತಿ 3 ವರ್ಷವನ್ನೂ ಕೊಡಬಹುದು. ಇದರ ಜೊತೆ 9ನೇ ಕಲಮಿನಲ್ಲಿ ಇನ್ನೊಂದು ದಾರಿ ಇದೆ: ಷರತ್ತು ಮುರಿದದ್ದು ಮೊದಲ ಸಲವಾದರೆ, ಬಾಂಡನ್ನು ಹಾಗೇ ಉಳಿಸಿ 50 ರೂಪಾಯಿ ಮೀರದ ದಂಡ ಹಾಕಬಹುದು. 1958ರಲ್ಲಿ ಬರೆದ ಮೊತ್ತ ಅದು. ಗಡುವಿನೊಳಗೆ ಕಟ್ಟದಿದ್ದರೆ ಮಾತ್ರ ಮೂಲ ಅಪರಾಧದ ಶಿಕ್ಷೆಗೆ ಹೋಗಬಹುದು. ಆದರೆ ನಿಮ್ಮ ಆದೇಶದ ಪ್ರತಿ ತೆಗೆದು ನೋಡಿ. ಈ ಕಾಯ್ದೆಯಲ್ಲಿ ಬಿಡದೆ, ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾಯ್ದೆಗಳಾದ ಹಳೇ ಸಿಆರ್‌ಪಿಸಿ 360 ಅಥವಾ ಈಗಿನ ಬಿಎನ್‌ಎಸ್‌ಎಸ್ 401ರಲ್ಲಿ ಬಿಟ್ಟಿದ್ದರೆ ಈ 50 ರೂಪಾಯಿಯ ದಾರಿ ಅಲ್ಲಿಲ್ಲ.

ಜಡ್ಜ್ ಯಾವ ಕಡೆ ವಾಲುತ್ತಾರೆ ಅನ್ನುವುದು ಆ ದಿನ ಅವರ ಮುಂದೆ ಏನಿದೆ ಎಂಬುದರ ಮೇಲೆ ನಿಂತಿದೆ. ವಕೀಲಿಕೆಗೆ ಬಂದ ಹೊಸದರಲ್ಲಿ ಇಂಥದೇ ಕೇಸೊಂದು ನನ್ನ ಕೈಗೆ ಬಂತು. ಹುಡುಗನನ್ನು ವಾರಂಟ್ ಮೇಲೆ ಹಿಡಿದು ತಂದಿದ್ದರು. ‘ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?’ ಎಂದು ಸಾಹೇಬರು ಕೇಳಿದರು. ‘ಕನಿಕರ ತೋರಿಸಬೇಕು ಸ್ವಾಮಿ’ ಎಂದಷ್ಟೇ ಹೇಳಿ ಕೂತೆ. 6 ತಿಂಗಳ ಸಜೆಯಾಯಿತು. ಅವನ ಹೆಂಡತಿ ಬಾಣಂತಿ ಎಂಬುದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಕೆಲವು ವರ್ಷದ ನಂತರ ಸಿಂಧನೂರು ಕಡೆಯ ಹುಡುಗನೊಬ್ಬನ ಕೇಸು ಬಂತು, ಅವನೂ ಕಾಂಕ್ರೀಟ್ ಕೆಲಸಕ್ಕೆ ಹೋಗಿದ್ದವನು. ಸಮನ್ಸ್ ಸುದ್ದಿ ಕೇಳಿದವನೇ ರಾತ್ರಿ ಬಸ್ಸು ಹತ್ತಿ ತಾನೇ ಬಂದ. ಮೇಸ್ತ್ರಿಯ ಹಾಜರಿ ಪುಸ್ತಕ ತರಿಸಿದೆ. ಅಂಗೈಯಗಲದ ಪುಸ್ತಕ, ಅಂಚಿಗೆಲ್ಲ ಸಿಮೆಂಟು ಮೆತ್ತಿ ಗಟ್ಟಿಯಾಗಿತ್ತು. ಪ್ರತಿ ದಿನಕ್ಕೊಂದು ಅಡ್ಡಗೆರೆ, ಅರ್ಧ ದಿನಕ್ಕೆ ಅರ್ಧ ಗೆರೆ, ವಾರದ ಕೊನೆಗೆ ಮನೆಗೆ ಕಳಿಸಿದ ದುಡ್ಡು. ಸಾಹೇಬರು ಒಂದೊಂದೇ ಹಾಳೆ ತಿರುವಿದರು. ‘ಇಷ್ಟು ದಿನ ದುಡಿದಿದ್ದೀಯಾ, ಹೇಳಿ ಹೋಗೋಕೆ ಏನಾಗಿತ್ತು?’ ಅಂದರು. 50 ರೂಪಾಯಿ ದಂಡ ಹಾಕಿದರು, ಅವನು ಅಲ್ಲೇ ಕಟ್ಟಿ ರಸೀದಿ ತಗೊಂಡ.

ಹೇಳಿ ಹೋಗುವ ದಾರಿ ನಿಜಕ್ಕೂ ಇದೆ. ಪರಿವೀಕ್ಷಣಾಧಿಕಾರಿ, ಅಂದರೆ ಬಾಂಡ್ ಮೇಲೆ ಬಿಟ್ಟವರನ್ನು ನೋಡಿಕೊಳ್ಳುವ ಪ್ರೊಬೇಷನ್ ಆಫೀಸರ್, ಅರ್ಜಿ ಹಾಕಿದರೆ 8ನೇ ಕಲಮಿನಲ್ಲಿ ಕೋರ್ಟು ಷರತ್ತು ಬದಲಿಸಬಹುದು. ಬರ ಬಿದ್ದ ವರ್ಷ ರಾಯಚೂರು, ಕೊಪ್ಪಳದ ಹಳ್ಳಿಗಳು ಅರ್ಧ ಖಾಲಿಯಾಗುತ್ತವೆ ಎಂಬುದು ಇಲ್ಲಿ ಕೂತ ನ್ಯಾಯಾಧೀಶರಿಗೆ ಗೊತ್ತಿರುವ ಮಾತು. ಬಾಂಡ್ ಬರೆಸುವ ದಿನವೇ ಈ ದಾರಿಯನ್ನು ನಾವು ವಕೀಲರು ಹುಡುಗರ ಕಿವಿಗೆ ಹಾಕುವುದಿಲ್ಲ. ಅದು ನಮ್ಮ ತಪ್ಪು.

ಹಾಗಾಗಿ ತಮ್ಮನನ್ನು ಮುಂದಿನ ತಾರೀಖಿಗೆ ಮುಂಚೆಯೇ ಕರೆಸಿ. ಕೂಲಿಯ ಲೆಕ್ಕ, ಮಕ್ಕಳ ಶಾಲೆಯ ಚೀಟಿ, ತಾಯಿಯ ಔಷಧಿ ಚೀಟಿ, ಏನಿದೆಯೋ ಎಲ್ಲ ತರಲಿ. ಗಾಯಗೊಂಡವರ ಜೊತೆ ರಾಜಿಯಾಗಿದ್ದರೆ ಅದನ್ನೂ ಹೇಳಿಸಿ. ಮೊದಲು ಜೈಲಿನಲ್ಲಿದ್ದ ದಿನಗಳನ್ನು ಎಣಿಸಿಟ್ಟುಕೊಳ್ಳಿ, ಸಜೆಯಾದರೆ ಅಷ್ಟು ದಿನ ವಜಾ ಆಗುತ್ತದೆ. ಸರ್ಕಾರಿ ಕೆಲಸದ ಆಸೆ ಇದ್ದರೆ ಇದೂ ತಿಳಿದಿರಲಿ: 12ನೇ ಕಲಮು ಕೊಡುವ ರಕ್ಷಣೆ, ಅಂದರೆ ಶಿಕ್ಷೆಗೊಳಗಾದವನೆಂಬ ಅನರ್ಹತೆ ತಟ್ಟದಿರುವುದು, ಮೂಲ ಅಪರಾಧಕ್ಕೆ ಶಿಕ್ಷೆ ಹೇಳಿದರೆ ಹೋಗುತ್ತದೆ. 50 ರೂಪಾಯಿ ದಂಡಕ್ಕೆ ಪಟ್ಟು ಹಿಡಿಯಬೇಕಾದ್ದು ಅದಕ್ಕೂ ಕೂಡ. ಆದೇಶ ವಿರುದ್ಧವಾಗಿ ಬಂದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು.

ನಿಮ್ಮ ಸೋದರಮಾವ ಜಾಮೀನು ನಿಂತಿದ್ದಾರೆ ಅಂದಿರಲ್ಲ, ಪಹಣಿ ಕೊಟ್ಟವರು ಅವರು. ಅವರಿಗೂ ಸಮನ್ಸ್ ಬಂದಿರಬಹುದು, ಅದೇ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.