ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಡಿಗ್ರಿ ಮುಗಿಸಿದವರಿಗೆ ಪೊಲೀಸ್ ಬಿಟ್ಟು ಬೇರೆ ಕೆಲಸ ಇದೆಯಾ?

ಖಂಡಿತ ಇದೆ. ಪಿಎಸ್‌ಐ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಹಾಗಾಗಿ ಅಲ್ಲಿ ನಿಮ್ಮ ಓದಿಗೆ ವಿಶೇಷ ಲಾಭವೇನಿಲ್ಲ.

ಓದಿದ್ದು ನಿಜವಾಗಿ ಬಳಕೆಗೆ ಬರುವುದು ಮಕ್ಕಳ ರಕ್ಷಣೆಯ ಕೆಲಸದಲ್ಲಿ ಅಂತ ನನ್ನ ಅಭಿಪ್ರಾಯ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಒಂದು ಮಗು ಪ್ರಕರಣದಲ್ಲಿ ಸಿಕ್ಕಿಕೊಂಡರೆ ಅದರ ಮನೆ, ಶಾಲೆ, ಸಹವಾಸ ಎಲ್ಲ ವಿಚಾರಿಸಿ ಪ್ರೊಬೇಷನ್ ಅಧಿಕಾರಿ ಎರಡು ವಾರದೊಳಗೆ ಬಾಲನ್ಯಾಯ ಮಂಡಳಿಗೆ ವರದಿ ಕೊಡಬೇಕು. ಆ ಮಗು ಯಾಕೆ ದಾರಿ ತಪ್ಪಿತು ಅನ್ನೋದನ್ನು ಮಂಡಳಿಗೆ ತಿಳಿಸುವುದೇ ಆ ವರದಿ. ಬಹಳ ಜವಾಬ್ದಾರಿಯ ಕೆಲಸ ಇದು. ಆದರೆ ಗುತ್ತಿಗೆ ಹುದ್ದೆಗಳೇ ಜಾಸ್ತಿ. ಕೆಲವಕ್ಕೆ ಎಲ್‌ಎಲ್‌ಬಿ, ಕೆಲವಕ್ಕೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೇಳುತ್ತಾರೆ, ಅಧಿಸೂಚನೆ ಸರಿಯಾಗಿ ಓದಿ.

ಫೊರೆನ್ಸಿಕ್‌ಗೂ, ಅಂದರೆ ಅಪರಾಧದ ಸಾಕ್ಷ್ಯವನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಕೆಲಸಕ್ಕೂ, ಈಗ ಬೇಡಿಕೆ ಇದೆ. 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು), ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೇ ಹೋಗಬೇಕು ಎನ್ನುತ್ತದೆ. ಲ್ಯಾಬ್ ಹುದ್ದೆಗಳಿಗೆ ಮಾತ್ರ ಸಾಮಾನ್ಯವಾಗಿ ವಿಜ್ಞಾನದ ಡಿಗ್ರಿ ಬೇಕು. ಬಿಎಸ್ಸಿ ಆಗಿದ್ದರೆ ಧಾರವಾಡದಲ್ಲೇ ಫೊರೆನ್ಸಿಕ್ ಎಂಎಸ್ಸಿ ಮಾಡಬಹುದು. ಬಿಎ ಆಗಿದ್ದರೆ ಮೂರು ವರ್ಷದ ಎಲ್‌ಎಲ್‌ಬಿ ಒಳ್ಳೆಯದು, ಮುಂದೆ ಸರ್ಕಾರಿ ಅಭಿಯೋಜಕರಾಗುವ (ಪಬ್ಲಿಕ್ ಪ್ರಾಸಿಕ್ಯೂಟರ್) ದಾರಿಯೂ ತೆರೆಯುತ್ತದೆ.