ಬೇಳೆ ಬೇಗ ಬೆಂದರೆ ನೀರು ಒಳ್ಳೆಯದಾ?

ಓದುಗರ ಪ್ರಶ್ನೆ, ಅಂತರ್ಜಲ ವಿಜ್ಞಾನಿಯ ಉತ್ತರ

ಪ್ರಶ್ನೆ: ನಾನು ಬಿ.ಎಸ್ಸಿ. ಕೊನೇ ವರ್ಷ, ಕೆಮಿಸ್ಟ್ರಿ. ನಮ್ಮೂರಲ್ಲಿ ಬೋರ್‌ವೆಲ್ ನೀರು ಕುಡಿದು ಎಷ್ಟೋ ಜನರ ಹಲ್ಲು ಕಂದಿವೆ. ಅಂತರ್ಜಲ ಯಾಕೆ ಕೆಡುತ್ತೆ ಅನ್ನೋದನ್ನೇ ಓದಬೇಕು, ಅದೇ ಕೆಲಸ ಮಾಡಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ "ಬಾಟಲಿಗೆ ನೀರು ತುಂಬ್ಕೊಂಡು ಊರೂರು ಸುತ್ತೋದು ಒಂದು ಕೆಲಸಾನಾ, ಸುಮ್ನೆ ಬಿ.ಎಡ್. ಮಾಡು" ಅಂತಾರೆ. ಏನು ಮಾಡಲಿ ಮೇಡಂ?
– ಒಬ್ಬ ವಿದ್ಯಾರ್ಥಿನಿ, ಜಗಳೂರು ತಾಲ್ಲೂಕು

ಉತ್ತರ: ಮನೆಯವರು ಹೇಳಿದ್ದು ಸುಳ್ಳಲ್ಲ ಕಣಮ್ಮಾ. ಬಾಟಲಿಗೆ ನೀರು ತುಂಬಿಕೊಂಡು ಊರೂರು ಸುತ್ತುವುದೇ ಈ ಕೆಲಸ. ನಾನು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಅದನ್ನೇ ಮಾಡಿದ್ದೇನೆ. ಆದರೆ ಆ ಬಾಟಲಿ ತುಂಬುವುದರಲ್ಲೇ ಅರ್ಧ ವಿಜ್ಞಾನ ಇದೆ.

ಮೋಟಾರ್ ಹಾಕಿದ ಕೂಡಲೇ ಬರುವ ನೀರು ಹಿಡಿಯುವಂತಿಲ್ಲ, ಅದು ಪೈಪಿನಲ್ಲಿ ನಿಂತ ನೀರು. ಒಂದಷ್ಟು ಹೊತ್ತು ಹರಿಯಲು ಬಿಡಬೇಕು. ಆಮೇಲೆ ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ತುಂಬಬೇಕು. ನಿಮ್ಮೂರಲ್ಲಿ ಹಲ್ಲು ಕಂದಿಸುವ ಫ್ಲೋರೈಡ್ ನೋಡೋದಾದರೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಆಗಬೇಕು, ಯಾಕಂದ್ರೆ ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತೆ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನೋ ಅಳತೆ), ಉಷ್ಣತೆ ಅಲ್ಲೇ ನೋಡಬೇಕು, ಲ್ಯಾಬಿಗೆ ಬರುವಷ್ಟರಲ್ಲಿ ಬದಲಾಗಿರುತ್ತವೆ. ಇಷ್ಟನ್ನೂ ಮಾಡುವಾಗ ಸುತ್ತ ಜನ ಕೊಡ ಹಿಡಿದುಕೊಂಡು ಕಾಯುತ್ತಿರುತ್ತಾರೆ. ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿರಲ್ಲ. ಅವರ ನೀರನ್ನು ನೀವು ನೆಲಕ್ಕೆ ಬಿಡುತ್ತಿದ್ದೀರಿ. ಯಾಕೆ ಅಂತ ಅವರಿಗೆ ಬಿಡಿಸಿ ಹೇಳೋಕೆ ಬರಬೇಕು, ಅದನ್ನು ಯಾವ ಕಾಲೇಜಲ್ಲೂ ಕಲಿಸಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಒಂದು ತಪ್ಪು ಹೇಳ್ತೀನಿ. ಮೊಳಕಾಲ್ಮೂರು ಕಡೆಯ ಒಂದು ಹಳ್ಳಿ. ಒಬ್ಬ ಅಜ್ಜಿ ತಮ್ಮ ಮನೆ ಹತ್ತಿರದ ಬೋರ್‌ವೆಲ್ ತೋರಿಸಿ "ಬಲು ಸಿಹಿ ನೀರು ಕಣವ್ವ, ಬೇಳೆ ಎಷ್ಟು ಬೇಗ ಬೇಯ್ತೈತೆ ಗೊತ್ತಾ" ಅಂದರು. ಆಗ ನವೆಂಬರ್, ಮಳೆ ಮುಗಿದಿತ್ತು. ಪರೀಕ್ಷೆ ಮಾಡಿದೆ, ಫ್ಲೋರೈಡ್ ಮಿತಿಯೊಳಗೇ ಇತ್ತು. ಕುಡೀರಿ ಅಜ್ಜಿ, ಏನೂ ತೊಂದರೆ ಇಲ್ಲ ಅಂದೆ. ಏಪ್ರಿಲ್ ಕೊನೆಗೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಹೇಗೂ ಬಂದಿದ್ದೀನಲ್ಲ ಅಂತ ಇನ್ನೊಂದು ಬಾಟಲಿ ತುಂಬಿಕೊಂಡೆ. ಮಿತಿ ದಾಟಿತ್ತು. ತಿರುಗಿ ಹೋಗಿ ಹೇಳಿದಾಗ ಅಜ್ಜಿ ಬೈಯಲಿಲ್ಲ. "ನೀನೇ ಚೆನ್ನಾಗೈತೆ ಅಂದಿದ್ಯಲ್ಲವ್ವ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲಿಂದ ಒಂದೇ ಬಾಟಲಿ ನೋಡಿ ಯಾವ ಬಾವಿಗೂ ನಾನು ತೀರ್ಪು ಕೊಟ್ಟಿಲ್ಲ. ಮಳೆಗೆ ಮುಂಚೆ ಒಂದು, ಮಳೆ ಮುಗಿದ ಮೇಲೆ ಒಂದು, ಕಡಿಮೆ ಅಂದ್ರೂ ಎರಡು ವರ್ಷ. ಮತ್ತೆ ಯಾರ ಮನೆಯ ನೀರೋ ಅವರಿಗೇ ಮೊದಲು ಫಲಿತಾಂಶ, ಪ್ರಬಂಧ ಗಿಬಂಧ ಎಲ್ಲ ಆಮೇಲೆ.

ಓದಿನ ವಿಷಯಕ್ಕೆ ಬಂದರೆ, ನಿಮ್ಮ ಕೆಮಿಸ್ಟ್ರಿ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತೆ. ಕೆಮಿಸ್ಟ್ರಿ ಅಥವಾ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಜೊತೆಗೆ ಭೂವಿಜ್ಞಾನವನ್ನೂ ಓದಿಕೊಳ್ಳಿ. ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿಯ ಕಂಬೈಂಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ಇದೆ, ಅದರಲ್ಲಿ ರಸಾಯನಶಾಸ್ತ್ರದವರಿಗೂ ಜಾಗ ಇದೆ. ಪಿಎಚ್.ಡಿ. ದಾರಿಯೂ ಇದೆ. ಹುದ್ದೆ ಕಡಿಮೆ, ಕಾಯಬೇಕಾಗುತ್ತೆ, ಅದನ್ನು ಮುಚ್ಚಿಡಲ್ಲ. ಮನೆ ಕಷ್ಟ ಇದ್ದರೆ ಬಿ.ಎಡ್. ಮಾಡಿಕೊಂಡೂ ಪರೀಕ್ಷೆಗೆ ಓದಬಹುದು.

ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಅವರ ಬಗ್ಗೆ ಮನೆಯಲ್ಲಿ ಹೇಳಿ. ಅವರೂ ರಸಾಯನಶಾಸ್ತ್ರದವರೇ. 1988ರಲ್ಲಿ ಪಶ್ಚಿಮ ಬಂಗಾಳದ ಹಳ್ಳಿಗಳ ನೀರಲ್ಲಿ ಆರ್ಸೆನಿಕ್ ಅನ್ನೋ ವಿಷ ಹುಡುಕಲು ಶುರು ಮಾಡಿದವರು, 2018ರಲ್ಲಿ ತೀರಿಕೊಳ್ಳುವ ತನಕ ಅದರ ಬೆನ್ನು ಬಿಡಲಿಲ್ಲ. ಬಾಂಗ್ಲಾದೇಶಕ್ಕೂ ಹೋದರು. ಬರೀ ನೀರಲ್ಲ, ಜನರ ಕೂದಲು, ಉಗುರು, ಮೂತ್ರ ಎಲ್ಲ ಪರೀಕ್ಷೆ ಮಾಡಿದರು, ಡಾಕ್ಟರುಗಳನ್ನು ಜೊತೆಗೇ ಕರೆದುಕೊಂಡು ಹೋದರು. ಅಲ್ಲಿನ ಕೊಳವೆಬಾವಿಗಳನ್ನು ಕೊರೆಸಿದ್ದೇ ಕೆರೆ ನೀರಿನಿಂದ ಬರುವ ಕಾಲರಾ, ಭೇದಿ ತಪ್ಪಿಸೋಕೆ. ಶುದ್ಧ ನೀರು ಅಂತ ನಂಬಿ ಕುಡಿದವರಿಗೆ ಬಂದು ಅದು ಹಾಗಲ್ಲ ಅಂತ ಹೇಳೋರು ಒಬ್ಬರು ಬೇಕಲ್ವಾ? ಜಗಳೂರಿಗೂ ಬೇಕು.

ಪ್ರಶ್ನೆ: ನಮ್ಮ ಕಡೆಯೇ ಯಾಕೆ ಫ್ಲೋರೈಡ್ ಇಷ್ಟು? ಇನ್ನೂ ಆಳಕ್ಕೆ ಕೊರೆಸಿದರೆ ಒಳ್ಳೆ ನೀರು ಸಿಗುತ್ತಾ?
– ಒಬ್ಬ ರೈತರು, ಚಳ್ಳಕೆರೆ

ಉತ್ತರ: ದಯವಿಟ್ಟು ಅದಕ್ಕೋಸ್ಕರ ದುಡ್ಡು ಸುರಿಯಬೇಡಿ. ಫ್ಲೋರೈಡ್ ಯಾರೋ ತಂದು ಹಾಕಿದ್ದಲ್ಲ, ಅದು ನಮ್ಮ ಕಲ್ಲಿನದೇ. ಗ್ರಾನೈಟ್, ನೈಸ್ ಥರದ ಗಟ್ಟಿ ಬಂಡೆಯ ಖನಿಜಗಳಲ್ಲಿ ಅದು ಇರುತ್ತೆ. ಬಂಡೆಯ ಬಿರುಕಿನಲ್ಲಿ ನೀರು ಎಷ್ಟು ವರ್ಷ ನಿಂತಿರುತ್ತೋ ಅಷ್ಟು ಕರಗಿಸಿಕೊಳ್ಳುತ್ತೆ. ಆಳದ ನೀರು ಸಾಮಾನ್ಯವಾಗಿ ಹೆಚ್ಚು ಕಾಲ ನಿಂತ ನೀರು, ಹಾಗಾಗಿ ಕೊರೆದಷ್ಟೂ ಫ್ಲೋರೈಡ್ ಜಾಸ್ತಿ ಬರುವ ಸಾಧ್ಯತೆಯೇ ಹೆಚ್ಚು. ಮಳೆ ನೀರನ್ನು ಇಂಗಿಸಿದರೆ ಅದು ತೆಳುವಾಗುತ್ತೆ.

ಮೇಲೆ ಹೇಳಿದ ಅಜ್ಜಿಯ ಬೇಳೆಯ ಗುಟ್ಟೂ ಇಲ್ಲೇ ಇದೆ. ಗಡಸು ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಜನ ಸುಣ್ಣದ ಅಂಶ ಅಂತಾರಲ್ಲ, ಅದು. ಅದರಲ್ಲಿ ಬೇಳೆ ಬೇಗ ಬೇಯಲ್ಲ. ಆದರೆ ಫ್ಲೋರೈಡ್ ನೀರಲ್ಲಿ ಹೆಚ್ಚು ಕರಗದ ಹಾಗೆ ಹಿಡಿದು ತಡೆಯುವುದೂ ಅದೇ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಕಡಿಮೆ ಇರುವ ನೀರಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತೆ, ಫ್ಲೋರೈಡೂ ಆರಾಮಾಗಿ ಕರಗಿ ಕೂರುತ್ತೆ. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ದೇಶದ ಮಾನದಂಡ. ನಮಗೆ ಹತ್ತಿರದ ಆಂಧ್ರದ ನೆಲ್ಲೂರಿನ ಕಡೆ ಫ್ಲೋರೈಡಿನಿಂದ ಬರುವ ಕಾಯಿಲೆಯನ್ನು 1937ರಲ್ಲೇ ಗುರುತಿಸಿ ಬರೆದಿದ್ದರು. ಹೊಸ ವಿಷಯ ಏನಲ್ಲ, ಅದೇ ಬೇಜಾರು.

ಪ್ರಶ್ನೆ: ನಮ್ಮದು ಭದ್ರಾ ನಾಲೆ ಕೆಳಗಿನ ಊರು, ಭತ್ತ, ಅಡಿಕೆ. ನಮಗೆ ನೀರಿನ ಚಿಂತೆ ಇಲ್ಲ ಅಲ್ವಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮಗೆ ಬೇರೆ ಚಿಂತೆ ಇದೆ, ನೈಟ್ರೇಟ್. ಗದ್ದೆಗೆ ಹಾಕಿದ ಯೂರಿಯಾದಲ್ಲಿ ಬೆಳೆ ತಿನ್ನದೆ ಬಿಟ್ಟಿದ್ದು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತೆ. ತಿಪ್ಪೆ, ಗುಂಡಿ ಶೌಚಾಲಯದಿಂದಲೂ ಬರುತ್ತೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದು ಜಾಸ್ತಿ ಇರುವ ನೀರಲ್ಲಿ ಪುಡಿ ಹಾಲು ಕಲೆಸಿ ಎಳೇ ಮಗುವಿಗೆ ಕುಡಿಸಿದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಬಾಣಂತಿ ಇರುವ ಮನೆಯವರು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿಯೇ ಬಳಸಿ.

ಪ್ರಶ್ನೆ: ಮಗನ ಹಲ್ಲಿನಲ್ಲಿ ಕಂದು ಗೆರೆ ಬಂದಿದೆ. ನೀರನ್ನು ಚೆನ್ನಾಗಿ ಕುದಿಸಿ ಕೊಡ್ತಿದ್ದೀನಿ, ಸಾಕಾ? ಟಿಡಿಎಸ್ ನೋಡುವ ಪೆನ್ನೂ ತರಿಸಿದ್ದೀನಿ.
– ಒಬ್ಬ ತಾಯಿ, ಹೊಸದುರ್ಗ

ಉತ್ತರ: ಸಾಲದು. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟು ಅದು ಇನ್ನೂ ಗಟ್ಟಿಯಾಗುತ್ತೆ. ಕ್ಯಾಂಡಲ್ ಫಿಲ್ಟರಿನಿಂದಲೂ ಹೋಗಲ್ಲ, ಆರ್‌ಒದಿಂದ ಹೋಗುತ್ತೆ. ನಿಮ್ಮ ಪೆನ್ನು ನೀರಲ್ಲಿ ಒಟ್ಟು ಉಪ್ಪಿನಂಶ ಎಷ್ಟು ಅಂತ ಅಂದಾಜು ಹೇಳುತ್ತೆ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳಲ್ಲ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಕುಡಿಯೋಕೆ ಮಾತ್ರ ಅಲ್ಲ, ಅನ್ನ, ಸಾರು, ಮುದ್ದೆಗೂ ಆ ಕ್ಯಾನಿನ ನೀರೇ ಬಳಸಿ. ಬಂದಿರುವ ಗೆರೆ ನೀರು ಬದಲಾಯಿಸಿದರೆ ಅಳಿಸಿಹೋಗಲ್ಲ, ದಂತ ವೈದ್ಯರು ಮುಚ್ಚಿಕೊಡಬಹುದು. ಆದರೆ ಚಿಕ್ಕ ಮಗು ಇದ್ದರೆ ಇವತ್ತಿನಿಂದಲೇ ನೀರು ಬದಲಾಯಿಸಿ. ಸುಮಾರು 8 ವರ್ಷದ ತನಕ ಒಸಡಿನ ಒಳಗೆ ಹಲ್ಲು ಬಲಿಯುತ್ತಿರುತ್ತೆ, ಕಲೆ ಕೂರುವುದು ಆಗಲೇ. ನಿಮ್ಮ ಬೋರ್‌ವೆಲ್ ನೀರನ್ನು, ಅದೇ ನೀರಲ್ಲಿ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕೊಡಿ. ಬೇಸಿಗೆಯಲ್ಲಿ ಒಂದು ಸಲ, ಮಳೆ ಮುಗಿದ ಮೇಲೆ ಇನ್ನೊಂದು ಸಲ.